ಗಾಜು ಒಡೆಯದ ಶಾಲೆ

ಬಾಡಿಗೆ ಮನೆ ತೋರಿಸಲು ಹೊರಟ ಬ್ರೋಕರನ ಕುತ್ತಿಗೆಯ ಹಿಂಭಾಗ, ಹೊಸದಾಗಿ ಕ್ಷೌರ ಮಾಡಿಸಿಕೊಂಡ ಆ ನುಣ್ಣನೆಯ ಜಾಗ, ಗಾಜಿನ ಅಂಗಡಿಯವನ ಕಣ್ಣಿಗೆ ಸಮನಾಗಿ ಮುಂದೆ ಮುಂದೆ ಹೋಗುತ್ತಿತ್ತು. ಅಲ್ಲಿಗೆ ಒಂದು ಬಿಟ್ಟರೆ ಈ ಮನುಷ್ಯನ ಬಾಯಿ ಮುಚ್ಚುತ್ತದೆ ಎಂದು ಗಾಜಿನವನಿಗೆ ಬಸ್ ಇಳಿದಾಗಿನಿಂದ ಅನ್ನಿಸುತ್ತಿತ್ತು. ಕೈ ಎತ್ತುವವನಲ್ಲ ಅವನು. ಹಾಗೆಂದು ಅವನೇ ನಂಬಿದ್ದ. ಬಿಟ್ಟರೆ ಹೇಗಿರುತ್ತದೆ ಎಂದು ಮಾತ್ರ ನೋಡಿಕೊಳ್ಳುತ್ತಿದ್ದ: ಬೆರಳಿನ ಗೆಣ್ಣು ತಗಲುವುದು, ಬ್ರೋಕರ್ ಮುಗ್ಗರಿಸುವುದು, ಅವನ ಕೈಯ ಬೀಗದ ಕೈ ಗೊಂಚಲು ರಸ್ತೆಗೆ ಹಾರಿ ಬೀಳುವುದು. ತುಂಬು ತೋಳಿನ ಅಂಗಿಯ ಗುಂಡಿ ಮಣಿಕಟ್ಟನ್ನು ಕಚ್ಚುತ್ತಿತ್ತು. ಅದು ಬ್ರೋಕರನದೇ ಅಪ್ಪಣೆ. "ನಿಮ್ಮ ಕೈ ನೋಡಿದ್ರೆ ಯಾರೋ ಚೂರಿ ಹಾಕಿದಂಗಿದೆ ಸಾರ್. ಗಾಜಿನ ಕೆಲಸದ ಗಾಯ ಅಂತ ನಂಗೆ ಗೊತ್ತು, ಮನೆ ಯಜಮಾನಿಗೆ ಗೊತ್ತಾಗ್ಬೇಕಲ್ಲ? ಮುಚ್ಕೊಂಡು ಬನ್ನಿ. ಏನ್ ಕೆಲಸ ಅಂದ್ರೆ ಬಿಸಿನೆಸ್ ಅಂದ್ಬಿಡಿ, ಮಿಕ್ಕಿದ್ದು ನಂಗೆ ಬಿಡಿ." ಹೆಂಡತಿಯ ಎದುರಿಗೇ ಅಂದಿದ್ದ. ಅವಳು ಒಳಗೆ ಹೋಗಿ ಅಂಗಿಗೆ ಇಸ್ತ್ರಿ ಹಾಕಿಕೊಂಡು ಬಂದಿದ್ದಳು. ಈಗ ಅವಳು ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದಳು. ಮಗಳು ಚುಕ್ಕಿ ಅವಳ ಆಚೆ ಬದಿಗೆ. ಮೂರು ಜನ ಎಲ್ಲಿಗೆ ಹೋದರೂ ನಡುವೆ ಇರುವವಳು ಹೆಂಡತಿಯೇ. ಅದು ಹೇಗೆ ಹಾಗಾಗುತ್ತದೋ ಅವನು ಯಾವತ್ತೂ ಯೋಚಿಸಿರಲಿಲ್ಲ.

"ಈ ರಸ್ತೆ ಇದ್ಯಲ್ಲ ಸಾರ್, ಇದೇ ಗಡಿ," ಎಂದು ಬ್ರೋಕರ್ ನಡುರಸ್ತೆಯಲ್ಲಿ ನಿಂತು ಎರಡೂ ಕೈ ಚಾಚಿದ. "ಬಲಗಡೆ ಮನೆಯವರ ಮಕ್ಕಳಿಗೆ ನೀವು ಕೇಳಿದ ಆ ಸ್ಕೂಲು. ಎಡಗಡೆಯವರು ತಲೆಕೆಳಗಾಗಿ ನಿಂತ್ರೂ ಸೀಟಿಲ್ಲ, ನೀವು ಇಷ್ಟು ದಿನ ಕಳಿಸ್ತಿದ್ರಲ್ಲ, ಆ ಸ್ಕೂಲೇ ಗತಿ. ಎಡಗಡೆ ಮನೆ ಮಾರಿ ಬಲಗಡೆ ಬಾಡಿಗೆಗೆ ಬಂದೋರಿದಾರೆ ಸಾರ್!" ತನ್ನ ಜೋಕಿಗೆ ತಾನೇ ನಕ್ಕ. ಎಡಗಡೆಯೂ ಬಲಗಡೆಯೂ ಒಂದೇ ಥರದ ಮನೆಗಳು, ಒಂದೇ ಬೂದು ಗೇಟು. ಗಾಜಿನವನು ಎಂದಿನಂತೆ ಕಿಟಕಿಗಳನ್ನು ನೋಡಿದ. ಎಡಗಡೆಯ ಒಂದು ಮನೆಯಲ್ಲಿ ಒಡೆದ ಗಾಜಿಗೆ ರಟ್ಟು ಅಂಟಿಸಿದ್ದರು. ಬಲಗಡೆ ಒಂದೂ ಇಲ್ಲ. ಕಂಡೆಯಾ ಎನ್ನುವಂತೆ ಹೆಂಡತಿಯತ್ತ ತಿರುಗಿದ. ಅವಳು ಬಗ್ಗಿ ಚುಕ್ಕಿಯ ಚಪ್ಪಲಿಯ ಪಟ್ಟಿ ಸರಿಮಾಡುತ್ತಿದ್ದಳು.

ಇದು ಅವನ ಲೆಕ್ಕಾಚಾರ. ಬೇರೆಯವರು ಪರೀಕ್ಷೆಯ ಫಲಿತಾಂಶ ನೋಡಲಿ, ಇಂಗ್ಲಿಷು ನೋಡಲಿ, ಮೇಷ್ಟರ ಡಿಗ್ರಿ ನೋಡಲಿ. ಶಾಲೆ ಎಂಥದ್ದೆಂದು ಹೇಳುವುದು ಗಾಜು. ಚುಕ್ಕಿ ಹೋಗುತ್ತಿದ್ದ ಶಾಲೆಯಿಂದ ಅವನ ಅಂಗಡಿಗೆ ತಿಂಗಳು ತಪ್ಪದೆ ಕರೆ ಬರುತ್ತಿತ್ತು. ಕಲ್ಲು ಬಿದ್ದ ಗಾಜು, ಚೆಂಡು ಬಿದ್ದ ಗಾಜು, ಒಮ್ಮೆ ಒಬ್ಬ ಹುಡುಗನ ತಲೆಯೇ ತೂರಿಹೋಗಿದ್ದ ಗಾಜು. ಅದರ ಚೂರುಗಳಿಗೆ ಕೂದಲು ಅಂಟಿಕೊಂಡಿತ್ತು, ಅವನೇ ಕೈಯಾರೆ ಬಿಡಿಸಿದ್ದ. ಈ ಬಲಗಡೆಯ ಶಾಲೆಗೆ ಕಟ್ಟಡ ಏಳುವಾಗ ಎಲ್ಲ ಗಾಜನ್ನೂ ಹಾಕಿದವನು ಅವನೇ, ಆಮೇಲೆ ಒಂದು ಸಲವೂ ಕರೆದಿಲ್ಲ. "ಒಂದು ಗಾಜು ಹೋಗಿಲ್ಲ ಕಣೇ ಇಷ್ಟು ವರ್ಷದಲ್ಲಿ. ಅಲ್ಲಿ ಮಕ್ಕಳು ಹೇಗಿರಬೇಕು ಯೋಚನೆ ಮಾಡು," ಎಂದು ಮೊನ್ನೆ ಊಟಕ್ಕೆ ಕೂತಾಗ ಹೇಳಿದ್ದ. ಅವಳು ಕೈಯಲ್ಲಿದ್ದ ಸ್ಟೀಲ್ ಲೋಟವನ್ನು ಒಂದು ಕ್ಷಣ ನೋಡಿ ನೀರು ಕುಡಿದಿದ್ದಳು. ಅವರ ಮನೆಯಲ್ಲಿ ಎಲ್ಲವೂ ಸ್ಟೀಲು. ಗಾಜಿನ ಲೋಟ, ಪಿಂಗಾಣಿ ತಟ್ಟೆ, ಗೋಡೆಯ ಮೇಲೆ ಕಟ್ಟು ಹಾಕಿಸಿದ ಫೋಟೊ, ಯಾವುದೂ ಇಲ್ಲ. ಗಾಜಿನ ಅಂಗಡಿಯವನ ಮನೆಯಲ್ಲಿ ಕನ್ನಡಿಯೂ ಇಲ್ಲವಲ್ಲ ಎಂದು ಯಾರೋ ನೆಂಟರು ನಕ್ಕಾಗ ಅವಳೂ ನಕ್ಕು, "ಚುಕ್ಕಿ ಸಣ್ಣವಳಲ್ವಾ, ಅದಕ್ಕೆ," ಎಂದಿದ್ದಳು. ಚುಕ್ಕಿಗೆ ಈಗ ಒಂಬತ್ತು.

ಚುಕ್ಕಿಯ ಹಲ್ಲಿನ ನೆನಪಾದರೆ ಇವತ್ತಿಗೂ ಅವನ ಕಿವಿ ಬಿಸಿಯಾಗುತ್ತಿತ್ತು. ಮುಂದಿನ ಹಲ್ಲು, ಹಾಲು ಹಲ್ಲಲ್ಲ, ಮತ್ತೆ ಬರುವಂಥದ್ದಲ್ಲ; ಓರೆಯಾಗಿ ಅರ್ಧ ಮುರಿದಿತ್ತು. ಗೀರು ಹಾಕದೆ ಮುರಿದ ಗಾಜು ಹಾಗೆ ಒಡೆಯುತ್ತದೆ. ಸಂಜೆ ಅಂಗಡಿಯಿಂದ ಬಂದಾಗ ತುಟಿ ಊದಿಸಿಕೊಂಡು ಕೂತಿದ್ದಳು. ಯಾರು, ಯಾರು ಹೇಳು, ಹೇಳ್ತೀಯೋ ಇಲ್ವೋ ಎಂದು ಗದ್ದ ಹಿಡಿದು ಕೇಳಿದ. ಅವಳು ಅವನ ಕಣ್ಣನ್ನೇ ನೋಡುತ್ತಾ, ಕೊನೆಗೆ ಟೈಲರನ ಮಗ ಎಂದಳು. ಟೈಲರನ ಅಂಗಡಿ ಎರಡನೆಯ ತಿರುವಿನಲ್ಲಿ. ಅದರ ಶೋಕೇಸಿನ ಗಾಜು ಹಾಕಿದ್ದವನೂ ತಾನೇ. ಅದೇ ಗಾಜಿಗೆ ಟೈಲರನ ಮುಖವನ್ನು ಒತ್ತಿ ಹಿಡಿದಾಗ ಮೂಗು ಚಪ್ಪಟೆಯಾಗಿ, ಬಾಯಿಯ ಉಸಿರು ಗಾಜಿನ ಮೇಲೆ ಮಂಜಾಗಿ, "ನನ್ ಮಗ ಸ್ಕೂಲಿಗೇ ಹೋಗಿಲ್ಲ ಕಣಣ್ಣ, ಜ್ವರ ಅವನಿಗೆ," ಎಂದು ಆತ ಅಳುತ್ತಿದ್ದುದು ಗಾಜಿನೊಳಗಿನಿಂದ ಕೇಳಿದ ಹಾಗೆ ಕೇಳಿತ್ತು. ಇನ್ನಷ್ಟು ಒತ್ತಿದ. ಎಂಟು ಮಿಲಿಮೀಟರ್ ಗಾಜು, ಅಷ್ಟಕ್ಕೆಲ್ಲ ಒಡೆಯುವುದಿಲ್ಲ ಎಂದು ಗೊತ್ತಿತ್ತು. ಬೀದಿಯ ಜನ ಬಿಡಿಸಿ ಕಳಿಸಿದ ಮೇಲೆ ಮೈ ಹಗುರಾಗಿತ್ತು, ಹೌದು, ಸುಳ್ಳೇಕೆ, ನೆಮ್ಮದಿಯಾಗಿತ್ತು. ಮಗಳಿಗಾಗಿ ಜೀವ ಕೊಡುವ ಅಪ್ಪ ಎಂದು ತನ್ನ ಬಗ್ಗೆ ತನಗೇ ಕಣ್ಣು ತುಂಬಿಬಂದಿತ್ತು. ಮಾರನೆಯ ದಿನದಿಂದ ಚುಕ್ಕಿಯನ್ನು ಶಾಲೆಗೆ ಕಳಿಸಲಿಲ್ಲ. ಒಳ್ಳೆ ಸ್ಕೂಲಿರೋ ಕಡೆ ಮನೆ ಮಾಡ್ತೀನಿ, ಎಷ್ಟು ಖರ್ಚಾದ್ರೂ ಆಗ್ಲಿ, ಅವಳಿಗೆ ಇನ್ನೊಂದು ಸಲ ಹೀಗಾಗಕೂಡದು ಎಂದ. ಹೆಂಡತಿ, "ಆಗಕೂಡದು," ಎಂದಳು. ಅಷ್ಟೇ. ಅವಳು ಒಪ್ಪಿದಳಲ್ಲ ಎಂದು ಅವನಿಗೆ ಸಂತೋಷವಾಗಿತ್ತು.

ಮನೆ ಯಜಮಾನಿ ನಿವೃತ್ತ ನರ್ಸು. ಬಾಗಿಲು ತೆಗೆದವಳೇ ಮೂವರನ್ನೂ ಮೇಲಿನಿಂದ ಕೆಳಕ್ಕೆ ಒಮ್ಮೆ ನೋಡಿ, ಚಪ್ಪಲಿ ಅಲ್ಲೇ ಬಿಡಿ ಎಂದಳು. ವಯಸ್ಸಾದ ಹೆಂಗಸು, ಆದರೆ ಬೆನ್ನು ನೆಟ್ಟಗೆ. "ಏನ್ ಕೆಲಸ?" "ಬಿಸಿನೆಸ್ಸು," ಎಂದ, ನಾಲಿಗೆ ತನ್ನದಲ್ಲ ಎನ್ನುವ ಹಾಗೆ. "ಏನ್ ಬಿಸಿನೆಸ್ಸು?" ಬ್ರೋಕರ್ ನಡುವೆ ಬಾಯಿ ಹಾಕಿ, "ಗ್ಲಾಸ್ ಅಮ್ಮ, ದೊಡ್ ದೊಡ್ ಬಿಲ್ಡಿಂಗ್ ಎಲ್ಲಾ ಇವರದ್ದೇ," ಎಂದ. ಯಜಮಾನಿ ಗಾಜಿನವನ ಬೆರಳುಗಳನ್ನು ನೋಡುತ್ತಿದ್ದಳು. ಅಂಗಿಯ ತೋಳು ಬೆರಳನ್ನು ಮುಚ್ಚುವುದಿಲ್ಲವಲ್ಲ. "ಗಾಜು ಕೊಯ್ಯೋರು ಅನ್ನಿ. ಅದರಲ್ಲಿ ಮುಚ್ಚುಮರೆ ಏನಿದೆ? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?" ಎಂದಳು. ಬ್ರೋಕರ್ ಹಲ್ಲುಕಿರಿದ. ಗಾಜಿನವನಿಗೆ ಆ ಹಲ್ಲುಗಳನ್ನು ಒಂದೊಂದಾಗಿ ಎಣಿಸಿ ಉದುರಿಸಬೇಕೆನ್ನಿಸಿತು. ಕೈಯನ್ನು ಪ್ಯಾಂಟಿನ ಜೇಬಿಗೆ ತುರುಕಿದ. ಅಳತೆಯ ಟೇಪು ಸಿಕ್ಕಿತು. ಅದನ್ನೇ ಅದುಮಿದ. "ಮಗುವಿಗೆ ಏನಾಗಿದೆ ಹಲ್ಲಿಗೆ?" ಎಂದು ಕೇಳಿದಳು ಯಜಮಾನಿ. ಚುಕ್ಕಿ ಥಟ್ಟನೆ ತುಟಿ ಮುಚ್ಚಿಕೊಂಡಳು. "ಸ್ಕೂಲಲ್ಲಿ," ಎಂದ ಅವನು. "ಅದಕ್ಕೇ ಅಮ್ಮ ಈ ಕಡೆ ಮನೆ ನೋಡ್ತಿರೋದು. ಅದೊಂದು ಸ್ಕೂಲಲ್ಲ, ಕಟುಕರ ಅಂಗಡಿ." ದನಿ ತಾನಾಗಿಯೇ ಏರಿತ್ತು. ಹೆಂಡತಿ ಚುಕ್ಕಿಯನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು. ಯಜಮಾನಿಯ ಕಣ್ಣು ಆ ಕೈಯ ಮೇಲೆ ಒಂದು ಗಳಿಗೆ ನಿಂತಿತು.

"ಇಲ್ಲಿಯ ಸ್ಕೂಲಿನ ಬಗ್ಗೆ ಎರಡು ಮಾತಿಲ್ಲ," ಎನ್ನುತ್ತಾ ಯಜಮಾನಿ ಮೆಟ್ಟಿಲು ಹತ್ತಿದಳು. "ಹಿಂದುಗಡೆ ಗೋಡೆಗೇ ಗೋಡೆ. ಆದ್ರೂ ಒಂದು ಗಲಾಟೆ ಇಲ್ಲ, ಕೂಗಾಟ ಇಲ್ಲ. ಮಧ್ಯಾಹ್ನ ನಾನು ಆರಾಮಾಗಿ ನಿದ್ದೆ ಮಾಡ್ತೀನಿ." ಮಹಡಿಯ ಮೇಲೆ ಎರಡು ಕೋಣೆ, ಒಂದು ಅಡುಗೆಮನೆ. ಹಿಂದಿನ ಕೋಣೆ ಸಣ್ಣದು. ಇದು ಚುಕ್ಕಿಗೆ ಎಂದು ಅವನು ಆಗಲೇ ತೀರ್ಮಾನಿಸಿಬಿಟ್ಟ. ಇಲ್ಲಿ ಮೇಜು, ಇಲ್ಲಿ ಮಂಚ. ಬಾಗಿಲು ಒಳಕ್ಕೆ ತೆರೆಯುವಂಥದ್ದು, ಗೋಡೆಗೆ ಹೋಗಿ ಬಡಿಯುತ್ತದೆ. ಅವರ ಈಗಿನ ಮನೆಯದೂ ಹಾಗೆಯೇ. ಅಲ್ಲಿ ಬಾಗಿಲ ಹಿಂದಿನ ಗೋಡೆಗೆ ಒಂದು ಮೊಳೆ, ಮೊಳೆಗೆ ಚುಕ್ಕಿಯ ಸ್ಕೂಲ್ ಬ್ಯಾಗು. ಸಿಟ್ಟು ಬಂದಾಗ ಅವನು ಮನೆಯಲ್ಲಿ ಇರುತ್ತಿರಲಿಲ್ಲ, ಅದು ಅವನ ಹೆಮ್ಮೆ. ಇವತ್ತಿನವರೆಗೆ ಹೆಂಡತಿಯ ಮೇಲಾಗಲಿ ಮಗಳ ಮೇಲಾಗಲಿ ಒಂದು ಬೆರಳು ಎತ್ತಿದವನಲ್ಲ. ಸ್ಟೂಲು ಎತ್ತಿ ಎಸೆದಿರಬಹುದು. ಗೋಡೆಗೆ ಗುದ್ದಿರಬಹುದು. ಆಮೇಲೆ ಬಾಗಿಲನ್ನು ಎಳೆದು ಬೀಸಿ ಹೊರಟುಹೋಗುತ್ತಿದ್ದ, ಬಾಗಿಲು ಬ್ಯಾಗಿಗೆ ಧಪ್ಪೆಂದು ಬಡಿದು ಹಿಂದಕ್ಕೆ ಬರುತ್ತಿತ್ತು, ಅಷ್ಟರಲ್ಲಿ ಅವನು ಬೀದಿಯಲ್ಲಿರುತ್ತಿದ್ದ. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಅವನ ತಾಯಿ ಅವನ ಅಪ್ಪನನ್ನು ಬೈಯುತ್ತಿದ್ದಳು. ಆ ಮನುಷ್ಯ ಬೆಲ್ಟು ತೆಗೆಯುತ್ತಿದ್ದ. ತಾನು ಅಪ್ಪನಂತಲ್ಲ.

ಕಿಟಕಿಗೆ ಹೋಗಿ ಅಭ್ಯಾಸದಂತೆ ಗಾಜನ್ನು ಗೆಣ್ಣಿನಿಂದ ತಟ್ಟಿದ. ಹಳೆಯ ಮೂರು ಮಿಲಿಮೀಟರ್ ಗಾಜು, ಅಂಚಿಗೆ ಮೆತ್ತಿದ ಪುಟ್ಟಿ ಒಣಗಿ ಬಿರುಕು ಬಿಟ್ಟಿದೆ. ಕೆಳಗೆ ಶಾಲೆಯ ಹಿತ್ತಲು ಕಾಣುತ್ತಿತ್ತು, ಊಟದ ಬಿಡುವು. ಮೊದಲಿಗೆ ಅದು ಯಾವುದೋ ಆಟ ಎಂದುಕೊಂಡ. ಹತ್ತು ಹನ್ನೆರಡು ಮಕ್ಕಳು, ಒಗೆದು ಇಸ್ತ್ರಿ ಹಾಕಿದ ಬಟ್ಟೆ, ಅರ್ಧ ವೃತ್ತವಾಗಿ ನಿಂತಿದ್ದರು. ನಡುವೆ ಒಬ್ಬಳು ಹುಡುಗಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಸರದಿಯ ಪ್ರಕಾರ ಒಬ್ಬೊಬ್ಬರೇ ಹೋಗಿ ಹೊಡೆದು ಬರುತ್ತಿದ್ದರು. ಒಬ್ಬ ಬೆನ್ನಿಗೆ ಗುದ್ದಿದ. ಒಬ್ಬಳು ಜಡೆ ಹಿಡಿದು ಹಣೆಯನ್ನು ಗೋಡೆಗೆ ತಾಗಿಸಿದಳು, ಮೆಲ್ಲಗೆ, ಇನ್ನೊಮ್ಮೆ ಸ್ವಲ್ಪ ಜೋರಾಗಿ. ಮತ್ತೊಬ್ಬ ಮೊಣಕಾಲಿನ ಹಿಂದೆ ಒದ್ದ; ಹುಡುಗಿ ಕುಸಿದಳು, ತಾನೇ ಎದ್ದು ಮತ್ತೆ ಗೋಡೆಗೆ ಮುಖ ಮಾಡಿ ನಿಂತಳು. ಯಾರೂ ನಗುತ್ತಿರಲಿಲ್ಲ. ಯಾರೂ ಕೂಗುತ್ತಿರಲಿಲ್ಲ. ಸಾಲಿನಲ್ಲಿ ಯಾರೋ ಮಾತಾಡಲು ಹೊರಟರೆ ದೊಡ್ಡ ಹುಡುಗಿಯೊಬ್ಬಳು ತುಟಿಯ ಮೇಲೆ ಬೆರಳಿಟ್ಟು ಶ್ ಎನ್ನುತ್ತಿದ್ದಳು. ವರಾಂಡಕ್ಕೆ ಒಬ್ಬರು ಟೀಚರು ಊಟದ ಡಬ್ಬಿ ತೊಳೆದುಕೊಂಡು ಬಂದರು. ನಿಂತು ನೋಡಿದರು. ಸದ್ದಿಲ್ಲ ಎಂದು ಖಾತ್ರಿ ಮಾಡಿಕೊಂಡವರಂತೆ ಒಳಗೆ ನಡೆದರು. ಅವನು ಹಾಕಿದ ಗಾಜುಗಳೆಲ್ಲ, ಹಾಕಿದ ಹಾಗೇ, ಬಿಸಿಲಿಗೆ ಹೊಳೆಯುತ್ತಿದ್ದವು.

ಪಕ್ಕದಲ್ಲಿ ಉಸಿರು ಕೇಳಿತು. ಚುಕ್ಕಿ ಯಾವಾಗಲೋ ಬಂದು ಕಿಟಕಿಯ ಇನ್ನೊಂದು ಮೂಲೆಯಲ್ಲಿ ಮೂಗು ತಾಗಿಸಿ ನಿಂತಿದ್ದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ, ಗೊತ್ತಿರುವ ಪಾಠವನ್ನು ಇನ್ನೊಬ್ಬರು ಓದುವಾಗ ಕೇಳುವಂಥ ಗಮನವಿತ್ತು. "ಅವಳು ಕಿವಿ ಮುಚ್ಕೋಬೇಕು," ಎಂದಳು. "ಕಿವಿ ಮುಚ್ಕೊಂಡ್ರೆ ಬೇಗ ಮುಗಿಯುತ್ತೆ."

"ನಿನ್ ಸ್ಕೂಲಲ್ಲೂ ಹಿಂಗೇ ಮಾಡ್ತಿದ್ರಾ?"

ಚುಕ್ಕಿ ತಿರುಗಿ ಅಮ್ಮನನ್ನು ನೋಡಿದಳು. ಅವನಿಗೆ ಅಷ್ಟು ಸಾಕಾಗಿತ್ತು. ಕಿಟಕಿಯ ಚಿಲಕ ಎಳೆದ; ಬಣ್ಣ ಮೆತ್ತಿ ಕಚ್ಚಿಕೊಂಡಿತ್ತು. ಮತ್ತೆ ಎಳೆದ. ಕೆಳಗೆ ಜಡೆ ಹಿಡಿದವಳ ಸರದಿ ಮತ್ತೆ ಬಂದಿತ್ತು. "ಸಾರ್, ಸಾರ್, ಅದು ತೆಗೆಯಲ್ಲ ಸಾರ್," ಎಂದು ಬ್ರೋಕರ್ ತೋಳು ಹಿಡಿದ. ಆ ಸ್ಪರ್ಶವೇ ಸಾಕಾಯಿತು. ಅವನನ್ನು ಒಂದೇ ಕೈಯಲ್ಲಿ ಗೋಡೆಗೆ ನೂಕಿ, ಹಾಳಾಗ್ ಹೋಗ್ರೋ ಎಂದು ಅರಚುತ್ತಾ, ಇಷ್ಟು ವರ್ಷ ಗಾಜನ್ನು ಮಗುವಿನ ಹಾಗೆ ಎತ್ತಿಕೊಂಡು ತಿರುಗಿದವನು ಮೊಣಕೈ ಮಡಚಿ ಗಾಜಿನ ನಡುಮಧ್ಯಕ್ಕೆ ಹೊಡೆದ. ಅದು ಒಡೆದ ಸದ್ದು ಹಿತ್ತಲಿಗೆಲ್ಲ ಕೇಳಿತು. ಉಳಿದ ಚೂರನ್ನು ಮುಷ್ಟಿಯಿಂದ ಹೊಡೆದ. ಚೌಕಟ್ಟಿನಲ್ಲಿ ಹಲ್ಲಿನಂತೆ ನಿಂತಿದ್ದನ್ನೂ ಹೊಡೆದ. ಒಳ್ಳೆಯದೆನ್ನಿಸುತ್ತಿತ್ತು. ರಕ್ತ ಮುಂಗೈಯಿಂದ ಇಳಿದು ಇಸ್ತ್ರಿಯ ಅಂಗಿಯನ್ನು ನೆನೆಸುವುದು ಕೂಡ ಒಳ್ಳೆಯದೆನ್ನಿಸಿತು.

ಕೆಳಗೆ ಮಕ್ಕಳು ಚದುರಿ ಓಡಿದ್ದರು. ಡಬ್ಬಿಯ ಟೀಚರು ಈಗ ಓಡೋಡಿ ಬಂದರು. "ಗಾಜು ಎಲ್ಲಿ ಒಡೀತು? ಯಾರು ಒಡೆದಿದ್ದು?" ಎಂದು ನೆಲವನ್ನು ಹುಡುಕಿದರು, ತಲೆಯೆತ್ತಿ ಶಾಲೆಯ ಕಿಟಕಿಗಳನ್ನೆಲ್ಲ ಒಂದೊಂದಾಗಿ ನೋಡಿದರು. ಗೋಡೆಗೆ ಮುಖ ಮಾಡಿದ ಹುಡುಗಿ ಇನ್ನೂ ಅಲ್ಲೇ ಇದ್ದಳು, ಕೈ ಎರಡೂ ಕಿವಿಯ ಮೇಲೆ. ನೋಡು, ಅಲ್ಲಿ ನೋಡೇ, ಆ ಟೀಚರು ಗಾಜಿಗೆ ಬಂದಳು ಮಗುವಿಗೆ ಬರಲಿಲ್ಲ ಎಂದು ಹೇಳಲು, ಗೆದ್ದವನ ಹಾಗೆ, ಅವನು ಕೋಣೆಯತ್ತ ತಿರುಗಿದ.

ಕಿಟಕಿಯ ಹತ್ತಿರ ಚುಕ್ಕಿ ಇರಲಿಲ್ಲ. ಅವಳು ಬಾಗಿಲ ಹಿಂದಿದ್ದಳು. ಗೋಡೆಗೆ ಮುಖ ಒತ್ತಿ, ಎರಡೂ ಕೈಯಿಂದ ಕಿವಿ ಮುಚ್ಚಿ, ಹೆಗಲು ಒಳಕ್ಕೆ ಎಳೆದುಕೊಂಡು. ಹೊಸ ಮನೆ, ಐದು ನಿಮಿಷವೂ ಆಗಿರಲಿಲ್ಲ ಬಂದು, ಆಗಲೇ ತನ್ನ ಜಾಗ ಕಂಡುಕೊಂಡಿದ್ದಳು. ಅವನ ಕಣ್ಣು ಬಾಗಿಲ ಹಿಂದಿನ ಗೋಡೆಯ ಮೇಲೆ ಮೊಳೆ ಹುಡುಕಿತು, ಬ್ಯಾಗು ಹುಡುಕಿತು. ಧಪ್ಪೆಂಬ ಸದ್ದು ನೆನಪಾಯಿತು. ಹಲ್ಲು ಮುರಿದ ದಿನ ಬೆಳಿಗ್ಗೆಯೂ ಅದೇ ಸದ್ದು. ಬ್ಯಾಗು ಅಡ್ಡ ಬಂತೆಂದು ಶಪಿಸುತ್ತಾ ಹೋಗಿದ್ದ. ಆವತ್ತು ಸೋಮವಾರ. ಸ್ಕೂಲಿಗೆ ಹೊರಟಿದ್ದ ಚುಕ್ಕಿಯ ಬ್ಯಾಗು ಮೊಳೆಯಲ್ಲಿರಲಿಲ್ಲ, ಅವಳ ಬೆನ್ನ ಮೇಲಿತ್ತು. ಇಲ್ಲ, ಎಂದು ಅವನು ಜೋರಾಗಿಯೇ ಅಂದ. ಯಾರೂ ಏನೂ ಕೇಳಿರಲಿಲ್ಲ.

"ಮಗು ಯಾಕೆ ಹಾಗೆ ನಿಂತಿದೆ?" ಎಂದಳು ಯಜಮಾನಿ. ಒಡೆದ ಗಾಜಿನ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ.

ಹೆಂಡತಿ ಬಾಗಿಲಿಗೂ ಅವನಿಗೂ ನಡುವೆ ಬಂದು ನಿಂತಿದ್ದಳು. "ಇವರು ಮುಗಿಸೋ ತನಕ ಹಾಗೇ ನಿಲ್ತಾಳೆ ಅಮ್ಮ," ಎಂದಳು. ಆಮೇಲೆ ಅವನ ಕಡೆಗೆ, ಆವತ್ತು ಆಗಕೂಡದು ಎಂದಿದ್ದ ಅದೇ ದನಿಯಲ್ಲಿ: "ಸ್ಕೂಲಲ್ಲಿ ಅಲ್ಲ ರೀ ಅವಳ ಹಲ್ಲು ಮುರಿದಿದ್ದು."

"ನೀನು ನೋಡಿದ್ಯಾ?"

"ನಾನೇ ಅಲ್ವಾ ಚೂರು ಎತ್ತಿದ್ದು."

"ಮತ್ತೆ ಯಾಕೆ ಬೊಗಳಲಿಲ್ಲ? ಆ ಟೈಲರ್ ಹತ್ರ ನಾನು..." ದನಿ ಏರಿತು. ಬಾಗಿಲ ಹಿಂದಿನ ಸಣ್ಣ ಹೆಗಲುಗಳು ಇನ್ನಷ್ಟು ಒಳಗೆ ಹೋದವು. ಅದು ಅವನಿಗೆ ಕಂಡಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಕಂಡಿತು, ತನ್ನ ದನಿ ಹೋಗಿ ಎಲ್ಲಿ ತಗಲುತ್ತದೆಂದು. ನೆಲಕ್ಕೆ ತೊಟತೊಟನೆ ರಕ್ತ ಬೀಳುತ್ತಿತ್ತು. ಕೊನೆಗೆ, ದನಿಯನ್ನು ಎಷ್ಟು ಇಳಿಸಬಹುದೋ ಅಷ್ಟು ಇಳಿಸಿ, "ಈ ಸ್ಕೂಲೂ ಬೇಡ ಕಣೇ," ಎಂದ. "ನೀನು ನೋಡಲಿಲ್ಲ, ಇಲ್ಲಿ ಅದಕ್ಕಿಂತ ಕಡೆ. ಹೊಡೀತಾರೆ. ಸದ್ದೇ ಬರಲ್ಲ. ಬೇರೆ ಕಡೆ ನೋಡೋಣ."

"ನೋಡಿದೆ," ಎಂದಳು ಅವಳು. "ಸ್ಕೂಲನ್ನ ನಾನು ನೋಡ್ಕೋತೀನಿ. ಟೀಚರ್ ಹತ್ರ ಜಗಳ ಆಡ್ತೀನಿ, ಗೇಟಲ್ಲಿ ಕೂತ್ಕೋತೀನಿ, ಅಷ್ಟಾದ್ರೂ ಮಾಡಬಹುದು. ಸ್ಕೂಲು ನಾಲ್ಕು ಗಂಟೆಗೆ ಮುಗಿಯುತ್ತೆ ರೀ." ಅವಳು ಯಜಮಾನಿಯತ್ತ ತಿರುಗಿದಳು. "ಅಮ್ಮ, ನಾವಿಬ್ಬರೇ ಬಂದ್ರೆ ಮನೆ ಕೊಡ್ತೀರಾ? ನಾನು, ಮಗು. ಇಬ್ಬರೇ."

ಬ್ರೋಕರ್ ಭುಜ ಉಜ್ಜಿಕೊಳ್ಳುತ್ತಾ ಗೋಡೆಗೆ ಒರಗಿದ್ದ. ಗಾಜಿನವನು ಹೆಂಡತಿಯನ್ನು ನೋಡಿದ. ಈಗ ಏನಾದರೂ ಒಂದನ್ನು ಎತ್ತಿ ಎಸೆಯಬೇಕಿತ್ತು, ಬಾಗಿಲು ಬೀಸಿಕೊಂಡು ಬೀದಿಗಿಳಿಯಬೇಕಿತ್ತು; ಅವನಿಗೆ ಗೊತ್ತಿದ್ದದ್ದು ಅದೊಂದೇ. ಬಾಗಿಲ ಹಿಂದೆ ಚುಕ್ಕಿ ಇದ್ದಳು. ಬೀಸುವಂತಿರಲಿಲ್ಲ. ಯಜಮಾನಿ ತನ್ನ ಕರ್ಚೀಫು ಮಡಚಿ ಅವನ ಗಾಯಕ್ಕೆ ಒತ್ತಿದಳು, ಕರುಣೆಯಿಂದೇನಲ್ಲ, ವಾರ್ಡಿನಲ್ಲಿ ಸಾವಿರ ಸಲ ಮಾಡಿದ ಕೆಲಸದಂತೆ. "ಕೊಡ್ತೀನಮ್ಮ," ಎಂದಳು, ಅವನ ಕೈಯನ್ನು ಬಿಗಿಯಾಗಿ ಕಟ್ಟುತ್ತಾ. "ಗಾಜು ಹಾಕಿಸ್ಕೊಡಿ ಮೊದಲು. ಮಗು ಮಲಗೋ ಕೋಣೆ."

ಅವನು ಜೇಬಿನಿಂದ ಟೇಪು ತೆಗೆದ. ಒಂದು ಕೈಯಲ್ಲಿ ಅಳೆಯಲು ಆಗುತ್ತಿರಲಿಲ್ಲ, ತುದಿ ಜಾರಿ ಜಾರಿ ಸುರುಳಿಗೆ ಹಿಂದಿರುಗುತ್ತಿತ್ತು. ಅಂಗಡಿಯಲ್ಲಿ ಭಾನುವಾರ ಚುಕ್ಕಿ ತುದಿ ಹಿಡಿಯುವುದು ವಾಡಿಕೆ. ಅವನು ಕರೆಯಲಿಲ್ಲ. ಕರೆದರೆ ದನಿ ಹೇಗೆ ಬರುತ್ತದೋ ಅವನಿಗೇ ನಂಬಿಕೆಯಿರಲಿಲ್ಲ. ಸುಮ್ಮನೆ ತುದಿಯನ್ನು ಚಾಚಿ ಹಿಡಿದುಕೊಂಡು ನಿಂತ. ತುಂಬ ಹೊತ್ತಿನ ಮೇಲೆ ಬಾಗಿಲ ಹಿಂದೆ ಕೈಗಳು ಕಿವಿಯಿಂದ ಇಳಿದವು. ಚುಕ್ಕಿ ಅಮ್ಮನನ್ನು ನೋಡಿ, ಅಮ್ಮ ತಲೆಯಾಡಿಸಿದ ಮೇಲೆ, ಚೂರುಗಳನ್ನು ದಾಟಿ ಬಂದು ಟೇಪಿನ ತುದಿ ಹಿಡಿದಳು. ಅವನು ಎತ್ತರ ಅಳೆದ, ಅಗಲ ಅಳೆದ. ಗಾಜನ್ನು ಚೌಕಟ್ಟಿಗಿಂತ ಒಂದಿಷ್ಟು ಕಡಿಮೆಯೇ ಕೊಯ್ಯಬೇಕು, ಬಿಗಿಯಾಗಿ ಕೂರಿಸಿದರೆ ಯಾರೂ ಮುಟ್ಟದೆಯೂ ಒಡೆಯುತ್ತದೆ. ಅವಳಿಗೆ ಅದನ್ನು ಹೇಳಿಕೊಟ್ಟಿದ್ದವನು ಅವನೇ. "ಎಷ್ಟು ಬಿಡಬೇಕು ಅಪ್ಪ?" ಎಂದು ಕೇಳಿದಳು, ಕಿಟಕಿಯ ಆ ತುದಿಯಿಂದ. ಅವಳು ಕೇಳಿದ್ದು ಗಾಜಿನ ಮಾತು. ಅವನು ಟೇಪನ್ನು ಎಳೆಯಲೂ ಇಲ್ಲ, ಬಿಡಲೂ ಇಲ್ಲ, ಅವಳು ನಿಂತ ದೂರಕ್ಕೆ ಎಷ್ಟು ಬೇಕೋ ಅಷ್ಟೇ ಸಡಿಲ ಮಾಡಿಕೊಂಡು, ಅಳತೆಯನ್ನು ಎರಡು ಸಲ ಓದಿದ.